‘ನನಗೆ ಸಿಟ್ಟೇ ಬರುವುದಿಲ್ಲ’ ಎಂದವರ ಪ್ರಕರಣ

(ವ್ಯಕ್ತಿಯ ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಲಾಗಿದೆ.)

ಶಿರಸಿ ಸೀಮೆಯ ಅಡಿಕೆ ಬೆಳೆಗಾರರೊಬ್ಬರು ನಿದ್ದೆ ಸರಿಯಾಗಿ ಬರುತ್ತಿಲ್ಲವೆಂದು ಸಲಹೆಗೆ ಬಂದಿದ್ದರು. ವಯಸ್ಸು ನಲವತ್ತರ ಆಸುಪಾಸು. ಬೆಂಗಳೂರಿನ ನೌಕರಿ ಬಿಟ್ಟು, ವಯಸ್ಸಾದ ತಂದೆಗೆ ಆಸರೆಯಾಗಲೆಂದು ಊರಿಗೆ ಮರಳಿದವರು. “ಮೇಡಂ, ನನಗೆ ಸಿಟ್ಟೇ ಬರುವುದಿಲ್ಲ. ಆದರೂ ಮನೆಯಲ್ಲಿ ಎಲ್ಲರೂ ನನ್ನ ಹತ್ತಿರ ಹೆದರಿ ಮಾತಾಡ್ತಾರೆ” ಎಂದರು. ಜೊತೆಗೆ ತಂದಿದ್ದ ದಪ್ಪ ನೋಟ್‌ಬುಕ್ಕಿನಲ್ಲಿ, ಪ್ರತಿ ರಾತ್ರಿ ‘ನಾನು ಯಾಕೆ ಹೀಗೆ?’ ಎಂದು ಕೇಳಿಕೊಂಡು ಬರೆದ ಉತ್ತರಗಳಿದ್ದವು. ಒಮ್ಮೆ ನೌಕರಿ ಬಿಟ್ಟದ್ದು ಕಾರಣ, ಮತ್ತೊಮ್ಮೆ ಬಾಲ್ಯದ ಶಿಸ್ತು, ಇನ್ನೊಮ್ಮೆ ಅಡಿಕೆ ಧಾರಣೆ. ಪ್ರತಿಯೊಂದನ್ನೂ ಅಷ್ಟೇ ಖಚಿತವಾಗಿ ಬರೆದಿದ್ದರು, ಮತ್ತು ಬರೆದ ರಾತ್ರಿಗಳಲ್ಲೇ ನಿದ್ದೆ ಹೆಚ್ಚು ಕೆಡುತ್ತಿತ್ತು.

ತನ್ನನ್ನು ತಾನು ಅರಿಯಲು ಇಷ್ಟು ಶ್ರಮಪಡುವವರನ್ನು ಕಂಡರೆ ನನಗೆ ಗೌರವವಿದೆ. ಆದರೆ ‘ಯಾಕೆ’ ಎಂಬ ಪ್ರಶ್ನೆಗೆ ಮನಸ್ಸು ತಕ್ಷಣ ಹೊಂದುವ ಕಥೆಯೊಂದನ್ನು ಹೆಣೆದುಕೊಡುತ್ತದೆ. ಮನೋವಿಜ್ಞಾನಿಗಳಾದ ನಿಸ್ಬೆಟ್ ಮತ್ತು ವಿಲ್ಸನ್ 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಲಾಗಿ ಇಟ್ಟ ಒಂದೇ ಬಗೆಯ ನಾಲ್ಕು ಜೊತೆ ಕಾಲುಚೀಲಗಳಲ್ಲಿ ಜನ ಬಲತುದಿಯದನ್ನೇ ಹೆಚ್ಚಾಗಿ ಆರಿಸಿದರು; ಕಾರಣ ಕೇಳಿದಾಗ ಗುಣಮಟ್ಟದ ಮಾತಾಡಿದರೇ ಹೊರತು ಇಟ್ಟಿದ್ದ ಜಾಗವನ್ನು ಯಾರೂ ಹೆಸರಿಸಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾದ ಕಾರಣ ಅವರ ಅರಿವಿಗೇ ಬಂದಿರಲಿಲ್ಲ. ಇದನ್ನು ವಿವರಿಸಿ, ಕೆಲವು ವಾರ ‘ಯಾಕೆ’ಯನ್ನು ಪೂರ್ತಿ ಬದಿಗಿಟ್ಟು ಮೂರನ್ನೇ ಬರೆಯಲು ಹೇಳಿದೆ: ಏನಾಯಿತು, ಆಗ ಯಾರಿದ್ದರು, ಮೈಯಲ್ಲಿ ಏನು ಅನಿಸಿತು. ಬರವಣಿಗೆ ಹಗಲಲ್ಲೇ ಮುಗಿಯಬೇಕು, ಹಾಸಿಗೆಗೆ ನೋಟ್‌ಬುಕ್ ಒಯ್ಯಬಾರದು.

ಮುಂದಿನ ಭೇಟಿಗೆ ಪತ್ನಿಯನ್ನೂ, ಇಬ್ಬರ ಒಪ್ಪಿಗೆಯ ಮೇರೆಗೆ, ಕರೆಸಿದೆ. ಆತಂಕದಂಥ ಒಳಗಿನ ಸ್ಥಿತಿಯನ್ನು ನಾವೇ ಚೆನ್ನಾಗಿ ಬಲ್ಲೆವು. ಒಳ್ಳೆಯದು ಕೆಟ್ಟದೆಂಬ ಬೆಲೆ ಅಂಟಿಕೊಂಡ ಗುಣಗಳನ್ನು ಹತ್ತಿರದವರು ಎಷ್ಟೋ ಸಲ ನಮಗಿಂತ ಸರಿಯಾಗಿ ಹೇಳಬಲ್ಲರು ಎಂಬುದನ್ನು ಮನೋವಿಜ್ಞಾನಿ ಸಿಮಿನ್ ವಜೀರ್ 2010ರಲ್ಲಿ ತೋರಿಸಿದ್ದಾರೆ. ಗಂಡನ ಸ್ವಭಾವ ಎಂಥದೆಂದು ನಾನು ಕೇಳಲಿಲ್ಲ, ಕಂಡದ್ದೊಂದನ್ನು ಹೇಳಿ ಎಂದೆ. “ಇವರು ಬಾಯಿ ಬಿಡುವುದೇ ಇಲ್ಲ. ಉಂಡ ಬಟ್ಟಲು ಇಡುವ ಸದ್ದಿನಲ್ಲೇ ನಮಗೆ ಗೊತ್ತಾಗ್ತದೆ” ಎಂದರು ಅವರು.

ಹೊಸ ಬರಹಗಳನ್ನು ಒಟ್ಟಿಗೆ ಓದಿದಾಗ ಆ ಮಾತಿಗೆ ಆಧಾರ ಸಿಕ್ಕಿತು. ಸೊಸೈಟಿಗೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಹಾಕಿ ಬಂದ ಸಂಜೆ, ಕೆಲಸದವರ ಎದುರಿಗೇ ಅಪ್ಪಯ್ಯ ಲೆಕ್ಕ ಕೇಳಿದ್ದರು. ‘ದವಡೆ ಬಿಗಿಯಿತು, ಕಿವಿ ಬಿಸಿಯಾಯಿತು, ಎದ್ದು ತೋಟಕ್ಕೆ ಹೋದೆ’ ಎಂದಿತ್ತು. ಹಾಗೆಯೇ ಇನ್ನೂ ಕೆಲವು ಸಂಜೆಗಳು. ಬಾಲ್ಯದಿಂದ ಅವರು ಕಂಡ ಸಿಟ್ಟೆಂದರೆ ಅಪ್ಪಯ್ಯನ ಕೂಗಾಟ. ತಾನು ಕೂಗುವುದಿಲ್ಲವಾದ್ದರಿಂದ ತನ್ನೊಳಗೆ ಸಿಟ್ಟಿಲ್ಲವೆಂದೇ ಅವರು ನಂಬಿದ್ದರು, ಮನೆಯವರಾದರೋ ಆ ಮೌನಕ್ಕೇ ಹೆದರುತ್ತಿದ್ದರು. ಬಹಳ ಹೊತ್ತು ಹಾಳೆ ನೋಡುತ್ತ ಕುಳಿತು, “ಹಾಗಾದರೆ ಇದು ಸಿಟ್ಟೇ” ಎಂದರು. ಈ ಮಾತು ಅವರ ಬಾಯಿಂದಲೇ ಬರಬೇಕಿತ್ತು. ಮೊದಲ ದಿನ ನಾನೇ ಹೇಳಿದ್ದರೆ ನೋಟ್‌ಬುಕ್ಕಿನ ಕಾರಣಗಳ ಪಟ್ಟಿಗೆ ಇನ್ನೊಂದು ಸೇರುತ್ತಿತ್ತು, ಅಷ್ಟೆ.

ಸಲಹೆ ಹೀಗಿತ್ತು. ದವಡೆ ಬಿಗಿದದ್ದು ತಿಳಿದ ಕೂಡಲೇ ‘ನನಗೆ ಸಿಟ್ಟು ಬರುತ್ತಿದೆ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಎದ್ದು ಹೋಗುವುದಾದರೆ “ಸ್ವಲ್ಪ ಹೊತ್ತು ಬಿಟ್ಟು ಮಾತಾಡುತ್ತೇನೆ” ಎಂದು ಹೇಳಿಯೇ ಹೋಗಬೇಕು, ಹೇಳಿದಂತೆ ಮರಳಬೇಕು. ಲೆಕ್ಕದ ಮಾತನ್ನು ಕೆಲಸದವರು ಮನೆಗೆ ಹೋದ ಮೇಲೆ ಆಡೋಣವೆಂದು ಅಪ್ಪಯ್ಯನಲ್ಲಿ ಬಿಡುವಾದಾಗ ಕೇಳಿಕೊಳ್ಳಬೇಕು. ನಿದ್ದೆಯ ತೊಂದರೆ ಹೀಗೆಯೇ ಮುಂದುವರಿದರೆ, ಜೊತೆಗೆ ಊಟ ಸೇರದೆ ಯಾವುದರಲ್ಲೂ ಆಸಕ್ತಿ ಇಲ್ಲದಂತಾದರೆ, ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಅಪರಾತ್ರಿಯಲ್ಲಿ ತೀರಾ ಸಂಕಟವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ನಿದ್ದೆ ಈಗ ಕೊಂಚ ಸುಧಾರಿಸಿದೆ. ಅಪ್ಪಯ್ಯನ ಹತ್ತಿರ ಆ ಮಾತನ್ನು ಅವರಿನ್ನೂ ಎತ್ತಿಲ್ಲ. ಕೊನೆಕೊಯ್ಲು (ಅಡಿಕೆ ಗೊನೆಗಳ ಕೊಯ್ಲು) ಮುಗಿಯಲಿ ಎನ್ನುತ್ತಿದ್ದಾರೆ. ಅದಕ್ಕೂ ಮೊದಲೇ ಆಡುವುದು ಒಳ್ಳೆಯದೆಂದು ಅವರಿಗೆ ತಿಳಿಸಿದ್ದೇನೆ, ಏಕೆಂದರೆ ಲೆಕ್ಕದ ಸಂಜೆಗಳು ಹೆಚ್ಚಾಗುವುದು ಕೊಯ್ಲಿನ ದಿನಗಳಲ್ಲೇ.