ಹಣೆಪಟ್ಟಿ ಕೊಟ್ಟ ಏಕಾಗ್ರತೆಯ ಅಂಕ

ಪ್ರಶ್ನೆ: ಎಂಟನೆಯ ತರಗತಿಯಲ್ಲಿರುವ ನನ್ನ ಮಗನಿಗೆ ಟ್ಯೂಷನ್‌ನಲ್ಲಿ ಹಣೆಗೆ ಪಟ್ಟಿಯೊಂದನ್ನು ಕಟ್ಟಿ, ಮಿದುಳಿನ ವಿದ್ಯುತ್ ಸಂಕೇತಗಳ ಆಧಾರದಲ್ಲಿ ಏಕಾಗ್ರತೆಗೆ ಅಂಕ ಕೊಟ್ಟಿದ್ದಾರೆ. ಅಂಕ ಬಹಳ ಕಡಿಮೆ ಬಂದಿದೆ. ಇದನ್ನು ನಂಬಬಹುದೇ? ಯೋಚನೆಗಳನ್ನೂ ಹೀಗೆಯೇ ಓದಲು ಸಾಧ್ಯವೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಆ ಅಂಕವೊಂದನ್ನೇ ನೋಡಿ ಮಗನ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ. ಅಸಂಖ್ಯಾತ ನರಕೋಶಗಳು ಒಟ್ಟಾಗಿ ಚುರುಕುಗೊಂಡಾಗ ಹುಟ್ಟುವ ವಿದ್ಯುತ್ತು ತಲೆಬುರುಡೆಯನ್ನು ದಾಟಿ ಚರ್ಮದ ಮೇಲಕ್ಕೆ ಬರುವ ಹೊತ್ತಿಗೆ, ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಹತ್ತರಿಂದ ನೂರು ಪಾಲಿನಷ್ಟು ಮಾತ್ರ ಉಳಿದಿರುತ್ತದೆ. ಅದನ್ನು ದಾಖಲಿಸುವ ವಿಧಾನವೇ ಇಇಜಿ. ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬೆರ್ಗರ್ 1924ರಲ್ಲಿ ಮನುಷ್ಯರಲ್ಲಿ ಇದನ್ನು ಮೊದಲು ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿ ನಿರಾಳವಾಗಿ ಕುಳಿತವರಲ್ಲಿ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಆಲ್ಫಾ ಅಲೆಗಳು ಕಣ್ಣು ತೆರೆದೊಡನೆ ಕುಗ್ಗುವುದನ್ನು ಗುರುತಿಸಿದವರೂ ಅವರೇ.

ಗಮನವನ್ನು ಅಧ್ಯಯನ ಮಾಡುವ ಒಂದು ಪ್ರಯೋಗವನ್ನು ನೋಡಿ. ಕಿವಿಗೆ ಒಂದೇ ಬಗೆಯ ‘ಬೀಪ್’ ಸದ್ದು ಮತ್ತೆ ಮತ್ತೆ ಕೇಳಿಸುತ್ತಿರುತ್ತದೆ. ನಡುನಡುವೆ ಅಪರೂಪಕ್ಕೆ ಬೇರೆ ಸದ್ದು ಬಂದಾಗ ಅದನ್ನು ಎಣಿಸಬೇಕು. ಆ ಸದ್ದು ಬಂದ ಸುಮಾರು 300 ಮಿಲಿಸೆಕೆಂಡಿನ ನಂತರ ಇಇಜಿಯಲ್ಲಿ ಧನಾತ್ಮಕ ಅಲೆಯೊಂದು ಏಳುತ್ತದೆ, ಗಮನ ಬೇರೆಡೆ ಹೋದರೆ ಅದು ಕುಗ್ಗುತ್ತದೆ. 1965ರಲ್ಲಿ ಸ್ಯಾಮ್ಯುಯೆಲ್ ಸಟನ್ ಮತ್ತು ಸಂಗಡಿಗರು ವರದಿ ಮಾಡಿದ ಈ ಅಲೆಗೆ ಪಿ300 ಎಂದು ಹೆಸರು. ಆದರೆ ಒಂದು ಸಲದ ದಾಖಲೆಯಲ್ಲಿ ಇದು ಇತರ ಏರಿಳಿತಗಳ ನಡುವೆ ಹೂತುಹೋಗಿರುವುದರಿಂದ, ಸಂಶೋಧಕರು ಹತ್ತಾರು ಸಲದ ದಾಖಲೆಗಳ ಸರಾಸರಿ ತೆಗೆದು ನೋಡುತ್ತಾರೆ. ಒಮ್ಮೆ ರೆಪ್ಪೆ ಬಡಿದರೂ ಇದಕ್ಕಿಂತ ಎಷ್ಟೋ ದೊಡ್ಡ ಅಲೆ ಮೂಡುತ್ತದೆ; ಹಣೆಯ ಪಟ್ಟಿಯಾದರೋ ಕಣ್ಣಿನ ಮೇಲೆಯೇ ಇರುತ್ತದೆ, ಹುಬ್ಬು ಗಂಟಿಕ್ಕಿದರೆ ಸ್ನಾಯುವಿನ ವಿದ್ಯುತ್ತೂ ಬೆರೆಯುತ್ತದೆ. ಸಾಲದ್ದಕ್ಕೆ, ಮನಸ್ಸಿನಲ್ಲೇ ಲೆಕ್ಕ ಬಿಡಿಸುತ್ತ ಒಳಮುಖವಾದ ಹುಡುಗನಲ್ಲೂ ಆಲ್ಫಾ ಹೆಚ್ಚಬಹುದು. ಅದನ್ನು ಯಂತ್ರವು ಉದಾಸೀನವೆಂದು ಲೆಕ್ಕ ಹಾಕಿದರೆ ಮಗುವಿಗೆ ಅನ್ಯಾಯವಾದಂತೆ.

ನೀವು ಏನನ್ನು ಯೋಚಿಸುತ್ತಿದ್ದೀರಿ ಎಂಬುದನ್ನು ಇಂಥ ಪಟ್ಟಿ ಓದಲಾರದು. ಮಿದುಳಿನ ಸಂಕೇತಗಳಿಂದ ಅಪರಾಧದ ಸುಳಿವು ಹುಡುಕುವ ಪರೀಕ್ಷೆಯನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಡಕೂಡದೆಂದು ಸುಪ್ರೀಂ ಕೋರ್ಟ್ 2010ರಲ್ಲಿ, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ, ತೀರ್ಪು ಕೊಟ್ಟಿದೆ. ನಿಮ್ಮ ಮಗನ ವಿಷಯದಲ್ಲೂ ನಿಮ್ಮನ್ನು ಕೇಳದೆ ಪಟ್ಟಿ ಕಟ್ಟಬಾರದೆಂದು ಟ್ಯೂಷನ್‌ನವರಿಗೆ ಹೇಳುವ ಹಕ್ಕು ನಿಮಗಿದೆ, ಹೇಳಿ.

ಮೂರ್ಛೆರೋಗದ ತಪಾಸಣೆಯಲ್ಲಿ ಇಇಜಿ ನಿಜಕ್ಕೂ ಅಮೂಲ್ಯ. ಗಮನದ ಕೊರತೆಯನ್ನು ಮಾತ್ರ ವೈದ್ಯರು ಮನೆ ಮತ್ತು ಶಾಲೆಯಲ್ಲಿನ ನಡವಳಿಕೆಯನ್ನು ವಿಚಾರಿಸಿಯೇ ಗುರುತಿಸುತ್ತಾರೆ. ಆತಂಕವಿದ್ದರೆ ಮಗನ ನಿದ್ದೆ, ಕಣ್ಣು, ಕಿವಿ ಸರಿಯಿವೆಯೇ ಎಂದು ಮೊದಲು ನೋಡಿ, ಶಾಲೆಯ ಶಿಕ್ಷಕರೊಡನೆ ಮಾತನಾಡಿ, ನಂತರ ಮಕ್ಕಳ ವೈದ್ಯರನ್ನು ಕಾಣಿರಿ.