ತಮ್ಮನ ಊಟದಲ್ಲಿ ಪುಡಿ ಬೆರೆಸಲಾ?

ಪ್ರಶ್ನೆ: ನನ್ನ ತವರು ಗುರುಮಠಕಲ್ ಹತ್ತಿರದ ಹಳ್ಳಿ. ಮದುವೆಯಾಗಿ ಕಲಬುರಗಿಯಲ್ಲಿದ್ದೇನೆ. ತಮ್ಮನಿಗೆ 27 ವರ್ಷ. ಐದಾರು ವರ್ಷಗಳಿಂದ ದಿನಾ ಸೇಂದಿ ಕುಡಿಯುತ್ತಾನೆ. ಈಗ ಅದರ ಜೊತೆ ಶೆರೆಯೂ ಶುರುವಾಗಿದೆ. ಹೋದ ತಿಂಗಳು ಅವ್ವ ಅವನನ್ನು ಎರಡು ದಿನ ಕೋಣೆಯಲ್ಲಿ ಕೂಡಿಹಾಕಿದಳು. ಅವನಿಗೆ ಫಿಟ್ಸ್ ಬಂತು. ಗೋಡೆ ಕಡೆ ಮುಖ ಮಾಡಿ "ಯಾರೋ ಕರೀಲತ್ತಾರ" ಅನ್ನುತ್ತಿದ್ದ. ಹೆದರಿ ಮತ್ತೆ ಸೇಂದಿ ತರಿಸಿ ಕೊಟ್ಟರು, ಸುಮ್ಮನಾದ. ಗಾಣಗಾಪುರಕ್ಕೆ ಕರೆದೊಯ್ಯೋಣ ಅನ್ನುತ್ತಾಳೆ ಅವ್ವ. "ಹುಚ್ಚರ ದವಾಖಾನಿಗಿ ಹಾಕಿದ್ರ ಹೆಣ್ಣು ಕೊಡೋರ್ಯಾರು?" ಅನ್ನುತ್ತಾರೆ ನಮ್ಮತ್ತೆ. ಗುರುತಿನವರೊಬ್ಬರು ಕುಡಿತ ಬಿಡಿಸಲು ಊಟದಲ್ಲಿ ಬೆರೆಸುವ ಪುಡಿ ಕೊಟ್ಟಿದ್ದಾರೆ, ಅವನಿಗೆ ಗೊತ್ತೇ ಆಗಲ್ಲವಂತೆ. ಹಾಕಲಾ? ಇನ್ನೊಂದು ಮಾತು: ಗಂಡನಿಗೆ ತಿಳಿಯದ ಹಾಗೆ ನಾನು ಅವನಿಗೆ ದುಡ್ಡು ಕಳಿಸುತ್ತಿದ್ದೇನೆ.

ಉತ್ತರ: ತಂಗಿ, ಪುಡಿ ಹಾಕಬೇಡಿ. ಬೇರೆ ಎಲ್ಲದಕ್ಕೂ ಮೊದಲು ಈ ಮಾತು.

ಅದರಲ್ಲಿ ಏನಿದೆ ಅಂತ ಕೊಟ್ಟವರಿಗೂ ಗೊತ್ತಿರಲಿಕ್ಕಿಲ್ಲ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ, ಅದನ್ನೇ ಅರೆದು ಕೊಟ್ಟಿರಲೂಬಹುದು. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಬಿಪಿ ಇಳಿಯುತ್ತದೆ. ಪ್ರಾಣಕ್ಕೇ ಬರಬಹುದು. ಅದಕ್ಕೇ ವೈದ್ಯರು ಅದನ್ನು ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿಸಿಯೇ ಕೊಡುತ್ತಾರೆ. ಕದ್ದು ಹಾಕುವುದು ಅಂದರೆ ತಮ್ಮನ ಜೀವದ ಜೊತೆ ಜೂಜಾಡಿದ ಹಾಗೆ. ಗೊತ್ತಾದ ದಿನ ನಿಮ್ಮ ಕೈಯ ರೊಟ್ಟಿಯನ್ನೂ ಅವನು ನಂಬಲ್ಲ.

ಈಗ ಆ ಎರಡು ದಿನದ ವಿಷಯಕ್ಕೆ ಬರೋಣ. ನಿಮ್ಮ ಕಡೆಯ ಸೇಂದಿ ಬರೀ ಮರದ ರಸ ಅಲ್ಲ ಅನ್ನೋದು ಊರವರಿಗೆಲ್ಲ ಗೊತ್ತು. ಸಿ.ಎಚ್. ಪೌಡರ್ ಬೆರೆಸುತ್ತಾರೆ. ಅಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆಗೆ ಕೊಡುತ್ತಿದ್ದ ಹಳೇ ಔಷಧಿ. ಕೆಲವು ಕಡೆ ನಿದ್ದೆ ಮಾತ್ರೆಯನ್ನೇ ಅರೆದು ಹಾಕುವುದೂ ಉಂಟು. ವರ್ಷಗಟ್ಟಲೆ ಇದನ್ನು ಕುಡಿದ ಮಿದುಳು ಅದರ ಮಂಪರಿಗೆ ಒಗ್ಗಿಹೋಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಮಿದುಳು ಕೆರಳುತ್ತದೆ. ಕೈ ನಡುಕ, ಬೆವರು, ನಿದ್ದೆ ಇಲ್ಲ, ಫಿಟ್ಸ್, ಇಲ್ಲದ ದನಿ ಕೇಳುವುದು. ಶೆರೆಯಲ್ಲೂ ಹೀಗೇ. ಫಿಟ್ಸ್ ಬರುವುದು ಹೆಚ್ಚಾಗಿ ಮೊದಲ 48 ಗಂಟೆಯೊಳಗೆ, ಪೂರ್ತಿ ಬುದ್ಧಿ ಕಲಕುವುದು ಎರಡರಿಂದ ನಾಲ್ಕನೇ ದಿನದ ನಡುವೆ. ನಿಮ್ಮ ತಮ್ಮನಿಗೆ ದೆವ್ವ ಮೆಟ್ಟಿರಲಿಲ್ಲ. ಚಿಕಿತ್ಸೆ ಇಲ್ಲದೆ ಬಾಗಿಲು ಹಾಕಿದ್ದಕ್ಕೆ ಆದದ್ದು ಅದು. ಅವ್ವನನ್ನು ಬೈಯಬೇಡಿ, ಆಕೆಗೆ ಯಾರು ಹೇಳಿದ್ದರು?

ನಮ್ಮ ಮನೆಯಲ್ಲೂ ಇದೇ ತಪ್ಪು ಮಾಡಿದ್ದೇವೆ. ನಮ್ಮ ಕಾಕಾ ಮೂರನೇ ದಿನ ಕೌದಿಯ ಮೇಲಿಂದ ಇಲ್ಲದ ಇರುವೆಗಳನ್ನು ಒಂದೊಂದೇ ಹೆಕ್ಕಿ ಸ್ಟೀಲ್ ಲೋಟಕ್ಕೆ ಹಾಕುತ್ತಿದ್ದರು. ಲೋಟದ ಬಾಯಿಗೆ ಅಂಗೈ ಮುಚ್ಚಿ "ಹೊರಗ ಬರ್ತಾವ ನೋಡು" ಅನ್ನುತ್ತಿದ್ದರು. ನಾವು ನಿಂಬೆಹಣ್ಣು ಇಳಿಸುತ್ತಾ ಕೂತಿದ್ದೆವು. ದವಾಖಾನೆಗೆ ಸೇರಿಸಿದ ಮೇಲೆ ವಾರದೊಳಗೆ ಅದೇ ಕಾಕಾ ವಾರ್ಡಿನ ಚಹಾ ಸಪ್ಪೆ ಅಂತ ಜಗಳ ತೆಗೆದರು. ಆ ಜಗಳ ಕೇಳಿ ಕಾಕಿ ಅತ್ತುಬಿಟ್ಟಳು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ? ಶಾಕ್ ಕೊಡುತ್ತಾರೆ, ಕಟ್ಟಿಹಾಕುತ್ತಾರೆ ಅಂತೆಲ್ಲ ನಿಮ್ಮ ಅತ್ತೆ ಹೇಳಿರಬಹುದು. ಸರಪಳಿ ಹಾಕುವುದಕ್ಕೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ನಿಷೇಧವಿದೆ. ಇಂಥ ಕೇಸಿಗೆ ಮೊದಲು ಕೊಡುವುದು ಮೆದುಳನ್ನು ತಣಿಸುವ ಮಾತ್ರೆ. ದಿನದಿನಕ್ಕೆ ಅದನ್ನು ಕಡಿಮೆ ಮಾಡುತ್ತಾ ಬರುತ್ತಾರೆ. ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್, ಯಾಕಂದರೆ ಕುಡಿಯುವವರಲ್ಲಿ ಅದು ಬತ್ತಿರುತ್ತದೆ. ನಶೆ ಇಳಿದ ಮೇಲೆ ಶುರು ನಿಜವಾದ ಕೆಲಸ: ಆ ದನಿ ಇನ್ನೂ ಕೇಳುತ್ತಿದೆಯಾ ಅಂತ ನೋಡುವುದು. ಸಾಮಾನ್ಯವಾಗಿ ಕೆಲವು ದಿನ, ವಾರಗಳಲ್ಲಿ ನಿಲ್ಲುತ್ತದೆ. ತಿಂಗಳಾದರೂ ನಿಲ್ಲದಿದ್ದರೆ ಬೇರೆ ಮಾನಸಿಕ ಕಾಯಿಲೆಯೂ ಇರಬಹುದು, ಅದಕ್ಕೆ ಬೇರೆ ಚಿಕಿತ್ಸೆ. ಇದನ್ನು ಮನೆಯಲ್ಲಿ ಕೂತು ನೀವಾಗಲಿ ನಾನಾಗಲಿ ಹೇಳಲಾರೆವು.

ಎಲ್ಲಿಗೆ ಅಂದರೆ, ಕಲಬುರಗಿಯ ಸರ್ಕಾರಿ ದವಾಖಾನೆ ಜಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗವಿದೆ. ನೀವು ಅದೇ ಊರಲ್ಲಿದ್ದೀರಿ, ಊಟ ಒಯ್ಯಲು ಅನುಕೂಲ. ಇನ್ನೂ ದೊಡ್ಡ ಕಡೆ ಬೇಕೆಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಫೋನಿನಲ್ಲಿ ಮೊದಲು ಮಾತಾಡಬೇಕಿದ್ದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಹಗಲು ರಾತ್ರಿ ಯಾವಾಗಲಾದರೂ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಹೋಗುವುದಾದರೆ ಮನೋವೈದ್ಯರು ಇದ್ದಾರಾ, ನೋಂದಣಿ ಇದೆಯಾ, ಮನೆಯವರನ್ನು ಒಳಗೆ ಬಿಡುತ್ತಾರಾ ಅಂತ ಕೇಳಿ. "ಮೂರು ತಿಂಗಳು ಬರಬ್ಯಾಡ್ರಿ" ಅಂದರೆ ವಾಪಸ್ ಬನ್ನಿ.

ಅವನನ್ನು ಒಪ್ಪಿಸುವುದು ಬೆಳಿಗ್ಗೆ, ಕುಡಿಯುವ ಮುಂಚೆ. ಕುಡಿತದ ಮಾತೇ ಎತ್ತಬೇಡಿ. "ರಾತ್ರಿ ನಿದ್ದಿ ಬರವಲ್ದು ಅಂತಿ, ಕೈ ನಡಗ್ತಾವ, ಡಾಕ್ಟರಿಗಿ ತೋರ್ಸಮು ಬಾ" ಅನ್ನಿ. ಅದು ಸುಳ್ಳೂ ಅಲ್ಲ. ಅವನೇ ಒಪ್ಪಿ ಸೇರಿದರೆ ಒಳ್ಳೆಯದು. ತೀರಾ ಒಪ್ಪದೆ, ಅವನ ಜೀವಕ್ಕೋ ಇತರರಿಗೋ ಅಪಾಯವಿದ್ದರೆ, ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡಿ ಒಪ್ಪಿದ ಮೇಲೆ 30 ದಿನದವರೆಗೆ ದಾಖಲಿಸಿಕೊಳ್ಳಲು ಕಾನೂನಿನಲ್ಲಿ ದಾರಿಯಿದೆ. ಅಷ್ಟರೊಳಗೆ ಮತ್ತೆ ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ಕೈಗೆ ಕಬ್ಬಿಣ, ಮೂಗಿಗೆ ಚಪ್ಪಲಿ, ಬಾಯಿಗೆ ಚಮಚ, ಇವ್ಯಾವುದೂ ಬೇಡ.

ಅವ್ವನಿಗೆ ಗಾಣಗಾಪುರ ಬೇಡ ಅನ್ನಬೇಡಿ. ದತ್ತಪ್ಪನ ದರ್ಶನಕ್ಕೆ ಡಿಸ್ಚಾರ್ಜ್ ಆದ ಮೇಲೆ ಹೋಗಿ ಬನ್ನಿ, ಮಾತ್ರೆ ಡಬ್ಬಿ ಚೀಲದಲ್ಲಿರಲಿ. ಇನ್ನು ಹೆಣ್ಣು ಕೊಡುವವರ ಮಾತು. ಚಿಕಿತ್ಸೆಯ ವಿಷಯ ಗುಟ್ಟಾಗಿಡುವುದು ಆಸ್ಪತ್ರೆಯ ಜವಾಬ್ದಾರಿ. ಆದರೆ ಸೇಂದಿ ಅಂಗಡಿ ಮುಂದೆ ಬಿದ್ದಿರುವುದನ್ನು ಊರು ದಿನಾ ನೋಡುತ್ತಿದೆ ಅಲ್ವಾ? ಹೆಣ್ಣಿನ ಕಡೆಯವರು ವಿಚಾರಿಸುವುದು ಅಲ್ಲೇ.

ದುಡ್ಡಿನ ವಿಷಯ ಕಷ್ಟದ್ದು. ಇವತ್ತೇ ನಿಲ್ಲಿಸಿ ಅಂತ ನಾನು ಹೇಳಲ್ಲ. ದುಡ್ಡಿಲ್ಲದೆ ಕುಡಿತ ತಟ್ಟನೆ ನಿಂತರೆ ಮತ್ತೆ ಅದೇ ಫಿಟ್ಸ್. ಮೊದಲು ದಾಖಲಾಗಲಿ, ಆಮೇಲೆ ಕೈಗೆ ರೊಕ್ಕ ಬೇಡ. ಗಂಡನಿಗೆ ಮಾತ್ರ ಈ ವಾರವೇ ಹೇಳಿಬಿಡಿ. ವಾರ್ಡಿನಲ್ಲಿ ರಾತ್ರಿ ಅವನ ಜೊತೆ ಇರಲು ಒಬ್ಬ ಗಂಡಸು ಬೇಕಾಗುತ್ತದೆ, ಅವ್ವನ ಕೈಲಿ ಆಗಲ್ಲ. ಅವರು ಒಂದು ದಿನ ಸಿಟ್ಟಾಗಬಹುದು, ಆಗಲಿ.

ಮತ್ತೆ ಆ ಪುಡಿ. ಒಲೆಗೆ ಹಾಕಬೇಡಿ, ಕೊಟ್ಟವರಿಗೂ ವಾಪಸ್ ಮಾಡಬೇಡಿ. ಪೊಟ್ಟಣ ಹಾಗೇ ಕಟ್ಟಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಒಂದು ಸಲ ಹಾಕಿ ನೋಡಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಪತ್ರದಲ್ಲಿ ನೀವು ಹಾಕಲಾ ಅಂತ ಕೇಳಿದ್ದೀರಿ, ಇನ್ನೂ ಹಾಕಿಲ್ಲ ಅಂತ ಬರೆದಿಲ್ಲ.