ವಯಸ್ಸಾದ ಮೇಲೆ ಶುಗರ್ ಇರುವವರು ತೂಕ ಇಳಿಸಿದರೆ ಮುಂದೆ ಲಾಭ ಇದೆಯಾ?

ಖಂಡಿತ ಇದೆ, ಆದರೆ ನಾವು ಅಂದುಕೊಂಡ ಕಡೆಯಲ್ಲ. ಅಮೆರಿಕದಲ್ಲಿ 2001ರಲ್ಲಿ ಶುರುವಾದ ಲುಕ್ ಅಹೆಡ್ ಅಧ್ಯಯನದಲ್ಲಿ ಟೈಪ್ 2 ಡಯಾಬಿಟಿಸ್ ಮತ್ತು ಜಾಸ್ತಿ ತೂಕವಿದ್ದ 5,145 ಜನರಿದ್ದರು. ಊಟ ಹಿಡಿತದಲ್ಲಿಟ್ಟು ವ್ಯಾಯಾಮ ಮಾಡಿದ ಗುಂಪು ಮೊದಲ ವರ್ಷ ಸರಾಸರಿ 8.6% ತೂಕ ಇಳಿಸಿತು. ಆಮೇಲೆ ಒಂದಿಷ್ಟು ವಾಪಸ್ ಬಂತು. ಸುಮಾರು ಹತ್ತು ವರ್ಷ ನೋಡಿದರೂ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ವಿಷಯದಲ್ಲಿ ಈ ಗುಂಪಿಗೂ ಉಳಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆದರೆ ಓಡಾಡುವ ಶಕ್ತಿ ಚೆನ್ನಾಗಿ ಉಳಿಯಿತು. ಕಿಡ್ನಿ ತೊಂದರೆ ಕಡಿಮೆಯಾಯಿತು, ಔಷಧಿಯೂ ಕಡಿಮೆ ಸಾಕಾಯಿತು. ಇಳಿವಯಸ್ಸಿನಲ್ಲಿ ಯಾರ ಆಸರೆಯೂ ಇಲ್ಲದೆ ಮೆಟ್ಟಿಲು ಹತ್ತುವುದು ಸಣ್ಣ ಮಾತಲ್ಲ, ಅಲ್ವಾ?

ಸೊಂಟದ ಮೂಳೆ ಮಾತ್ರ ಸ್ವಲ್ಪ ಜಾಸ್ತಿ ಸವೆದಿತ್ತು. ಹಾಗಾಗಿ ಸುಮ್ನೆ ಊಟ ಬಿಡಬೇಡಿ. ಪ್ರೋಟೀನ್ ತಿನ್ನಿ, ಸ್ನಾಯುಗಳಿಗೆ ಕೆಲಸ ಕೊಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲೇ ಡಾಕ್ಟರ್ ಹತ್ತಿರ ಡೋಸ್ ಕೇಳಿಕೊಳ್ಳಿ.